ಬೆಂಗಳೂರಿಗೆ ಹೊರಟಿರಾ? ವಾರದಲ್ಲಿ ಒಂದು ದಿನ ನಿಮ್ಮದಿರಲಿ



ಮಗಳ ಬಾಣಂತನ ಮುಗಿಸಿ, ತೊಟ್ಟಿಲ ಶಾಸ್ತ್ರ ಮಾಡಿ, ತಾಯಿ ಮಗುವನ್ನು ಬೆಂಗಳೂರಿಗೆ ಕಳಿಸಿ ‘ಉಸ್ಸಪ್ಪಾ’ ಎಂದು ಕೂರುವಷ್ಟರಲ್ಲಿ ಫೋನು ಬರುತ್ತದೆ. "ಅಮ್ಮಾ, ರಜೆ ಮುಗೀತಾ ಬಂತು. ಮಗೂನ ಯಾರ ಹತ್ರ ಬಿಡ್ಲಿ? ನೀನೇ ಬಾ." 2017ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಮೊದಲ ಎರಡು ಹೆರಿಗೆಗೆ 26 ವಾರಗಳ ರಜೆ ಉಂಟು, ನಿಜ. ಆದರೆ ಆರು ತಿಂಗಳ ಕೂಸನ್ನು ಕಂಡವರ ಕೈಗೆ ಕೊಡಲು ಯಾವ ತಾಯಿಗೆ ಮನಸ್ಸು ಬಂದೀತು? ಹಾಗಾಗಿ ನಮ್ಮಂಥ ಅಜ್ಜಿಯರು ಚೀಲ ಕಟ್ಟಲೇಬೇಕು.

ನಾಲ್ಕು ದಿನಕ್ಕೆ ಹೋಗುವುದು ಬೇರೆ, ನಾಲ್ಕಾರು ತಿಂಗಳು ಇರುವುದು ಬೇರೆ. ನಾಲ್ಕು ದಿನಕ್ಕೆ ಹೋದರೆ ನಾವು ನೆಂಟರು. ಕೂತಲ್ಲಿಗೆ ಕಾಫಿ ಬರುತ್ತದೆ. ಎರಡನೇ ವಾರ ಶುರುವಾಯಿತೆನ್ನಿ, ಮಗಳು ಅಳಿಯ ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಹೊರಟುಬಿಡುತ್ತಾರೆ. ಏಳನೇ ಮಹಡಿಯ ಮನೆ, ಮುಚ್ಚಿದ ಬಾಗಿಲು, ಮಲಗಿದ ಮಗು. ಊರಲ್ಲಾದರೆ ಹೂವಿನವಳೋ ಪಕ್ಕದ ಮನೆಯವರೋ ಕೂಗಿ ಮಾತಾಡಿಸುತ್ತಿದ್ದರು. ಇಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಸಂಜೆ ದಣಿದು ಬಂದ ಮಗಳ ಮೇಲೆ ನಮ್ಮ ಬೇಸರ ಹರಿಯುತ್ತದೆ. ಅವಳೂ ಒಂದು ಮಾತು ಆಡುತ್ತಾಳೆ. ಪ್ರೀತಿಯಿಂದ ಹೋದವರು ಮುಖ ಊದಿಸಿಕೊಂಡು ಊರಿಗೆ ಮರಳಿದ ಸಂಗತಿ ನಿಮಗೂ ಗೊತ್ತಿರಬಹುದು. "ಬೆಂಗಳೂರು ಹೇಗಿತ್ತು?" ಎಂದರೆ "ಕಿಟಕಿಯಿಂದ ನೋಡಿದ್ದಷ್ಟೇ ಕಣ್ರೀ" ಅನ್ನುತ್ತಾರೆ.

ನಲವತ್ತೆಂಟಕ್ಕೇ ಅಜ್ಜಿಯಾದ ನಾನು ಏಳು ತಿಂಗಳು ಅಲ್ಲಿದ್ದು ಬಂದೆ. ಮಗಳೂ ನಾನೂ ನಗುನಗುತ್ತಲೇ ಬೀಳ್ಕೊಂಡೆವು. ಅಲ್ಲಿ ಕಂಡುಕೊಂಡ ನಾಲ್ಕಾರು ಉಪಾಯಗಳನ್ನು ಹೇಳುತ್ತೇನೆ. ನಿಮಗೆ ಹೊಂದುವುದನ್ನು ಇಟ್ಟುಕೊಳ್ಳಿ.

ಹೊರಡುವ ಮುಂಚೆಯೇ ಮಾತಾಗಲಿ: ವಾರಕ್ಕೆ ಒಂದು ದಿನ, ಕೊನೆಗೆ ಅರ್ಧ ದಿನವಾದರೂ ನಿಮ್ಮದು ಎಂದು ಮೊದಲೇ ಹೇಳಿಬಿಡಿ. ನಾನು ಶನಿವಾರ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕೇಳಿದೆ. "ಒಬ್ಬಳೇ ಎಲ್ಲಿಗೆ ಹೋಗ್ತೀಯಮ್ಮಾ?" ಎಂದಳು ಮಗಳು. "ಎಲ್ಲಿಗಾದ್ರೂ ಹೋಗ್ತೀನಿ, ಊಟಕ್ಕೆ ಬರ್ತೀನಿ" ಎಂದೆ. ಅಂದು ಮಗುವಿನ ಸ್ನಾನ ಅಳಿಯಂದಿರ ಪಾಲಿಗೆ ಬಂತು. ಎರಡು ಶನಿವಾರ ಹೆದರಿದರು, ಮೂರನೆಯದಕ್ಕೆ ಮಗುವೂ ಅವರೂ ಹಾಡುತ್ತಿದ್ದರು! ನೀವು ಊರಿಗೆ ಮರಳುವ ತಿಂಗಳನ್ನೂ ಮೊದಲೇ ನಿಶ್ಚಯಿಸಿ. ಆಗ ಅವರೂ ಮುಂದಿನ ಏರ್ಪಾಟು ಮಾಡಿಕೊಳ್ಳುತ್ತಾರೆ. ಇನ್ನು ಊರಲ್ಲಿ ಉಳಿಯುವ ಯಜಮಾನರಿಗೆ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಡಬ್ಬಿ ತುಂಬಿಡಿ. ಅನ್ನ ಸಾರು ಮಾಡುವುದನ್ನು ಎದುರಿಗೆ ನಿಲ್ಲಿಸಿಕೊಂಡು ಕಲಿಸಿಯೇ ಹೊರಡಿ. ಇಲ್ಲವಾದರೆ ನೀವು ಅಲ್ಲಿ, ಮನಸ್ಸು ಇಲ್ಲಿ.

ನಿಮ್ಮದೇ ದುಡ್ಡು, ನಿಮ್ಮದೇ ಬೀಗದಕೈ: ಖರ್ಚಿನ ದುಡ್ಡನ್ನು ಊರಿನಿಂದಲೇ ಒಯ್ಯಿರಿ. ಒಂದು ಮೊಳ ಮಲ್ಲಿಗೆಗೂ ಮಕ್ಕಳ ಮುಂದೆ ಕೈಯೊಡ್ಡುವುದು ನಮಗೂ ಚೆನ್ನಲ್ಲ, ಅವರಿಗೂ ಚೆನ್ನಲ್ಲ. ಬಾಗಿಲಿನ ಬೀಗದಕೈ ಒಂದು ನಿಮ್ಮ ಪರ್ಸಿನಲ್ಲಿರಲಿ. ಮನೆಯ ವಿಳಾಸ, ಹತ್ತಿರದ ಬಸ್ ನಿಲ್ದಾಣದ ಹೆಸರು, ಮಗಳ ನಂಬರು ಇವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೋನಿನ ಚಾರ್ಜು ಮುಗಿದರೂ ಚೀಟಿ ಮುಗಿಯುವುದಿಲ್ಲ. ಆಪತ್ತಿಗೆ 112 ನೆನಪಿರಲಿ.

ಮೊದಲು ಒಂದೇ ದಾರಿ ಕಲಿಯಿರಿ: ಇಡೀ ಊರನ್ನು ಒಮ್ಮೆಲೇ ಅರಿಯಲು ಹೋಗಬೇಡಿ. ಮನೆಯಿಂದ ಬಸ್ ನಿಲ್ದಾಣ, ಅಲ್ಲಿಂದ ಮೆಜೆಸ್ಟಿಕ್, ಮತ್ತೆ ವಾಪಸ್ಸು. ಇಷ್ಟನ್ನು ಎರಡು ಸಲ ಮಾಡಿದರೆ ಹೆದರಿಕೆ ಅರ್ಧ ಕಳೆಯುತ್ತದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ದುಡ್ಡು ಕೊಡಬೇಕಿಲ್ಲ. ನಮ್ಮ ರಾಜ್ಯದ ವಿಳಾಸವಿರುವ ಆಧಾರ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ಟನ್ನು ಮರೆಯದೆ ಕೇಳಿ ಪಡೆಯಿರಿ. ಎ.ಸಿ. ಬಸ್ಸುಗಳಿಗೆ ಇದು ನಡೆಯದು, ಹತ್ತುವ ಮುಂಚೆ ಕೇಳಿ. ಮೆಟ್ರೋಗೆ ದುಡ್ಡು ಕೊಡಬೇಕು, ಆದರೆ ಟ್ರಾಫಿಕ್ಕಿನ ಕಾಟವಿಲ್ಲ. ಫಲಕಗಳು ಕನ್ನಡದಲ್ಲೂ ಇವೆ. ನೇರಳೆ ಮಾರ್ಗ, ಹಸಿರು ಮಾರ್ಗ ಎರಡೂ ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ ಎಂಬುದೊಂದು ತಿಳಿದಿದ್ದರೆ ದಾರಿ ತಪ್ಪುವುದಿಲ್ಲ. ಆಫೀಸಿನವರ ಹೊತ್ತು ಮಾತ್ರ ಬಿಟ್ಟುಬಿಡಿ.

ಎಲ್ಲಿಗೆ ಹೋಗುವುದು ಅಂತೀರಾ?: ಮೊದಲು ಲಾಲ್‌ಬಾಗ್. ಹಸಿರು ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. 1889ರ ಗಾಜಿನ ಮನೆಯನ್ನು ಎಲ್ಲರೂ ನೋಡುತ್ತಾರೆ. ನೀವು ಕೆಂಪೇಗೌಡರ ಗೋಪುರವಿರುವ ಬಂಡೆಯನ್ನೂ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯಂತೆ! ಅದರ ಮೇಲೆ ಕೂತರೆ ನಮ್ಮ ಮಂಡಿನೋವು ತೀರಾ ಹೊಸದು ಅನ್ನಿಸುತ್ತದೆ. ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸಿನಲ್ಲಿ ಫಲಪುಷ್ಪ ಪ್ರದರ್ಶನವಿರುತ್ತದೆ. ರಜಾ ದಿನದ ನೂಕುನುಗ್ಗಲಿಗೆ ಸಿಗಬೇಡಿ.

ಇನ್ನೊಂದು ವಾರ ಗಾಂಧಿಬಜಾರ್. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಹೂವು, ಬಾಳೆ ಎಲೆ, ಗ್ರಂಥಿಗೆ ಅಂಗಡಿ ನೋಡುತ್ತಾ ಹೋದರೆ ಊರಿನ ಸಂತೆಯೇ ನೆನಪಾಗುತ್ತದೆ. ಅಲ್ಲೇ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವಿದೆ. ಒಬ್ಬರೇ ಕೂತು ಮಸಾಲೆ ದೋಸೆ ತಿನ್ನಲು ನಾಚಿಕೆಯೇಕೆ? ನಮ್ಮ ಕೈಯ ದೋಸೆಯನ್ನು ಮನೆಮಂದಿಯೆಲ್ಲ ತಿಂದದ್ದಾಯಿತು, ಇನ್ನೊಬ್ಬರು ಹುಯ್ದದ್ದನ್ನು ಬಿಸಿಬಿಸಿಯಾಗಿ ನಾವೂ ತಿನ್ನೋಣ. ಕಾರ್ತಿಕ ಮಾಸದಲ್ಲಿ ಅಲ್ಲಿದ್ದರೆ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ತಪ್ಪಿಸಬೇಡಿ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ತುಂಬಾ ಕಡಲೆಕಾಯಿಯ ರಾಶಿ! ಓದುವ ಹುಚ್ಚಿದ್ದವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಸಂಗೀತ ಪ್ರಿಯರು ರಾಮನವಮಿಯ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗಳನ್ನು ಕೇಳಬಹುದು.

ಸಂಜೆ ಐದಕ್ಕೆ ಕೆಳಗಿಳಿಯಿರಿ: ಇದು ದಿನದಿನದ ಔಷಧಿ. ಮಗುವನ್ನು ಎತ್ತಿಕೊಂಡು ಕೆಳಗೆ ಹೋದರೆ ನಿಮ್ಮಂತೆಯೇ ಬಂದ ಅಜ್ಜಿಯರು ಸಿಗುತ್ತಾರೆ. ತೆಲುಗಿನವರು, ತಮಿಳರು, ಉತ್ತರದವರು. ಭಾಷೆ ಬಾರದಿದ್ದರೇನಂತೆ, ಕೂಸಿನ ಹಲ್ಲು ತೋರಿಸಿ ನಗಲು ವ್ಯಾಕರಣ ಬೇಡ. ನಮ್ಮ ಬೆಂಚಿನಲ್ಲಿ ಗುಂಟೂರಿನ ಒಬ್ಬರಿದ್ದರು. ಅವರ ಗೋಂಗೂರ ಪಚ್ಚಡಿಯ ರುಚಿ ನೋಡಿದ ಮೇಲೆ ನಮ್ಮ ಪುಂಡಿ ಸೊಪ್ಪೇ ಅದು ಎಂದು ತಿಳಿಯಿತು. ನಾನು ಅವರಿಗೆ ದೊಡ್ಡಪತ್ರೆ ತಂಬುಳಿ ಹೇಳಿಕೊಟ್ಟೆ. ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸಿನ ಕಾಳನ್ನು ತುಪ್ಪದಲ್ಲಿ ಬಾಡಿಸಿ. ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ ಸಾಸಿವೆ ಒಗ್ಗರಣೆ ಕೊಡಿ. ತಂಬುಳಿಯನ್ನು ಕುದಿಸಬಾರದು.

ಅಂದ ಹಾಗೆ, ದೊಡ್ಡಪತ್ರೆಯ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಊರಿಂದಲೇ ಒಯ್ಯಿರಿ. ಬಾಲ್ಕನಿಯ ಕುಂಡದಲ್ಲಿ ನೆಟ್ಟರೆ ಸಾಕು, ಹಿಡಿದುಕೊಳ್ಳುತ್ತದೆ.

ಅಡುಗೆಮನೆ ಮಗಳದು: ಡಬ್ಬಿಗಳ ಜಾಗ ಬದಲಿಸಲು ಹೋಗಬೇಡಿ. ಬೋರ್‌ವೆಲ್ಲಿನ ಗಡಸು ನೀರಿದ್ದರೆ ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಬೇಯದು. ಕಾವೇರಿ ನೀರು ಅಥವಾ ಫಿಲ್ಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದರಲ್ಲೇ ಬೇಯಿಸಿ. ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಕೆಳಗಿನಿಂದ ಮೇಲಕ್ಕೆ ಪಂಪಾಗಿ ಬರುತ್ತಾಳೆ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವ ಅಭ್ಯಾಸ ಅಲ್ಲಿ ಸಲ್ಲದು. ಹಸಿಕಸ, ಒಣಕಸ ಬೇರೆ ಬೇರೆ ಬುಟ್ಟಿಗೆ ಹಾಕುವುದನ್ನೂ ಮೊದಲ ದಿನವೇ ಕೇಳಿಕೊಳ್ಳಿ.

ದಣಿವಾದರೆ ಬಾಯಿಬಿಟ್ಟು ಹೇಳಿ: ಇದೇ ಎಲ್ಲಕ್ಕಿಂತ ದೊಡ್ಡ ಮಾತು. ಎಂಟು ತಿಂಗಳ ಮಗುವನ್ನು ದಿನವಿಡೀ ನೋಡಿಕೊಳ್ಳುವುದು ಹುಡುಗಾಟವಲ್ಲ. ಸೊಂಟ ಹಿಡಿದರೂ "ಏನಿಲ್ಲ" ಎಂದು ನುಂಗಿಕೊಂಡು, ಕೊನೆಗೊಂದು ದಿನ ಪಾತ್ರೆ ಕುಕ್ಕುವುದಕ್ಕಿಂತ, "ಇವತ್ತು ನನ್ನ ಕೈಲಾಗದು, ನಾಳೆಯಿಂದ ಮೇಲುಗೆಲಸಕ್ಕೆ ಒಬ್ಬರನ್ನು ನೋಡೋಣ" ಎನ್ನುವುದು ಮೇಲು. ನಾವು ಹೇಳದಿದ್ದರೆ ಮಕ್ಕಳಿಗೆ ತಿಳಿಯುವುದಾದರೂ ಹೇಗೆ? ಶನಿವಾರ ಲಾಲ್‌ಬಾಗಿನಲ್ಲಿ ಸುತ್ತಿ ಬಂದ ಅಜ್ಜಿ ಭಾನುವಾರದಿಂದ ಮಗುವನ್ನು ನಗುಮೊಗದಿಂದ ಎತ್ತಿಕೊಳ್ಳುತ್ತಾಳೆ. ಅದರ ಲಾಭ ಮನೆಯವರಿಗೆಲ್ಲ ತಾನೇ? ಏನಂತೀರಿ?

ಮುಂದಿನ ಸಂಚಿಕೆಯಲ್ಲಿ, ಯಜಮಾನರಿಗೆ ತುಂಬಿಡಲು ತಿಂಗಳುಗಟ್ಟಲೆ ಕೆಡದ ಮೂರು ಬಗೆಯ ಚಟ್ನಿಪುಡಿ.