ತಲೆನೋವಿನ ಕಥೆ, ಭಾಗ 4: ಏನು ತಿಂದೆ ಅಂತ ಕೇಳ್ಬೇಡಿ, ತಿಂದ್ಯಾ ಅಂತ ಕೇಳಿ

"ಚಾಕೊಲೇಟ್ ಬಿಡು, ಮೊಸರು ಬಿಡು, ಬಾಳೆಹಣ್ಣು ಮುಟ್ಲೇಬೇಡ." ನನಗೆ ಮೈಗ್ರೇನ್ ಅಂತ ಗೊತ್ತಾದ ದಿನದಿಂದ ದೊಡ್ಡಮ್ಮನಿಂದ ಹಿಡಿದು ಲಾಸ್ಟ್ ಬೆಂಚಿನವರ ತನಕ ಎಲ್ಲರೂ ಡಾಕ್ಟರೇ. ಒಂದು ವರ್ಷ ಎಲ್ಲಾ ಬಿಟ್ಟೆ. ತೂಕ ಇಳೀತು, ತಲೆನೋವು ಇಳೀಲಿಲ್ಲ.

ಯಾಕಂದ್ರೆ 8 ಗಂಟೆ ಕ್ಲಾಸಿಗೆ ತಿಂಡಿ ತಿನ್ನದೇ ಓಡ್ತಿದ್ದೆ. ಊಟ ತಪ್ಪಿಸೋದು, ನೀರು ಕುಡಿಯದೇ ಇರೋದು ಮೈಗ್ರೇನ್ ಕೆರಳಿಸೋ ಸಾಮಾನ್ಯ ಕಾರಣಗಳು. ಇದನ್ನ ಒಬ್ಬರೂ ಹೇಳ್ಲಿಲ್ಲ. ಹೋದ ಇಂಟರ್ನಲ್ಸಲ್ಲಿ ಖಾಲಿ ಹೊಟ್ಟೇಲಿ ಕೂತು, ಅರ್ಧ ಪೇಪರ್ ಖಾಲಿ ಬಿಟ್ಟು, ಕಾರಿಡಾರಲ್ಲಿ ವಾಂತಿ ಮಾಡ್ಕೊಂಡೆ. "ನಿನ್ನೆ ಏನು ತಿಂದೆ?" ಅಂತ ಕೇಳಿದ್ರು!

ಪಾಪ, ಚಾಕೊಲೇಟಿನ ಪರವಾಗಿ ಒಂದು ಮಾತು. ನೋವು ಕಾಣಿಸೋಕೆ ಗಂಟೆಗಟ್ಟಲೆ ಮುಂಚೆ, ಕೆಲವರಿಗೆ ಒಂದೆರಡು ದಿನ ಮುಂಚೆಯೇ, ಮೆದುಳಲ್ಲಿ ಅಟ್ಯಾಕ್ ಶುರುವಾಗಿರುತ್ತೆ. ಪದೇ ಪದೇ ಆಕಳಿಕೆ, ಕತ್ತು ಬಿಗಿಯೋದು, ಸಿಹಿ ಬೇಕು ಅನ್ಸೋದು ಎಲ್ಲಾ ಆಗಲೇ. ಆಸೆಯಾಗಿ ತಿಂತೀವಿ, ಆಮೇಲೆ ನೋವು ಬರುತ್ತೆ, ಬೈಗುಳ ಮಾತ್ರ ಚಾಕೊಲೇಟಿಗೆ.

ಕೆಲವರಿಗೆ ಕೆಲವು ಆಹಾರ ನಿಜವಾಗ್ಲೂ ಆಗಲ್ಲ, ಒಪ್ತೀನಿ. ಅದನ್ನ ಎರಡು ಮೂರು ತಿಂಗಳು ಡೈರಿ ಬರೆದು ಕಂಡುಹಿಡೀಬೇಕು, ವಾಟ್ಸಾಪ್ ಫಾರ್ವರ್ಡ್ ನೋಡಿ ಅಲ್ಲ. ಕಾಫಿನೂ ಹಾಗೇ. ವಾರವೆಲ್ಲ ನಾಲ್ಕು ಲೋಟ ಕುಡಿದು ಭಾನುವಾರ ಒಂದೇ ಸಲ ನಿಲ್ಲಿಸಿದ್ರೆ ತಲೆ ಸಿಡಿಯದೇ ಇನ್ನೇನಾಗುತ್ತೆ?

ಅಟೆಂಡೆನ್ಸ್ ಹೆಸರಲ್ಲಿ ನಮ್ಮನ್ನ ಹಸಿವಲ್ಲಿ ಕೂರಿಸೋರಿಗೂ ಇದನ್ನೇ ಹೇಳ್ತಿದೀನಿ. ಸೋಮವಾರದಿಂದ ನನ್ನ ಇಡ್ಲಿ ಡಬ್ಬಿ ಬೆಂಚ್ ಮೇಲೇ ಇರುತ್ತೆ. ಹೊರಗೆ ಕಳಿಸಿದ್ರೆ ಬಾಗಿಲ ಹತ್ರ ಕೂತು ತಿಂತೀನಿ. ಚಟ್ನಿ ಜಾಸ್ತಿ ತರ್ತೀನಿ, ಬನ್ನಿ.