ಹಳೇ ಟರ್ಬೊ ಕಾರು ತಗೊಳ್ತೀರಾ? ಮೊದಲು ಆಯಿಲ್ ಬಿಲ್ ಕೇಳಿ

ಈ ಅಂಕಣಕ್ಕೆ ಬರೋ ಮೆಸೇಜುಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಿದೆ: ‘ಆರೇಳು ಲಕ್ಷ ಇದೆ, ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಗಾಡಿ ತಗೋಬಹುದಾ?’ ಕಂಪನಿಗಳು ಕ್ರಾಸ್‌ಓವರ್ ಅನ್ನೋದು, ನಾವು ಮಿನಿ ಎಸ್‌ಯುವಿ ಅನ್ನೋದು ಇವನ್ನೇ. 2017ರಲ್ಲಿ ನೆಕ್ಸಾನ್, 2019ರಲ್ಲಿ ಎಕ್ಸ್‌ಯುವಿ300, ವೆನ್ಯೂ, ಸೆಲ್ಟೋಸ್, 2020ರಲ್ಲಿ ಸೋನೆಟ್, ಮ್ಯಾಗ್ನೈಟ್, 2021ರಲ್ಲಿ ಕುಶಾಕ್, ಟೈಗುನ್ ಬಂದವು. ಅವುಗಳನ್ನ ಹೊಸದಾಗಿ ತಗೊಂಡವರು ಈಗ ಮಾರ್ತಿದ್ದಾರೆ. ಹಾಗಾಗಿ ಮಾರುಕಟ್ಟೆಯಲ್ಲಿ ಆಯ್ಕೆಗೆ ಬರ ಇಲ್ಲ.

ತಗೋಬಹುದು. ಆದರೆ ನೋಡೋ ಕ್ರಮ ಬೇರೆ. ಹಳೇ ಆಲ್ಟೊ, ಹಳೇ ಸ್ವಿಫ್ಟ್ ನೋಡಿದ ಹಾಗೆ ಟೈರ್ ಒದ್ದು, ಒಂದು ರೌಂಡ್ ಓಡಿಸಿ ಟೋಕನ್ ಅಡ್ವಾನ್ಸ್ ಕೊಟ್ಟು ಬರೋ ಗಾಡಿ ಇದಲ್ಲ.

ಹೋದ ತಿಂಗಳು ನನ್ನ ಚಿಕ್ಕಪ್ಪನ ಮಗನಿಗೆ ಇಂಥದ್ದೇ ಕಾರು ಹುಡುಕಿದ್ವಿ. ಅವನಿರೋದು ಮೊಸಳೆಯಲ್ಲಿ, ಹೊಯ್ಸಳರ ಜೋಡಿ ದೇವಸ್ಥಾನ ಇರೋ ಊರು. ಚಿಕ್ಕಮ್ಮನಿಗೆ ವಾರಕ್ಕೆ ಎರಡು ಸಲ ಹಾಸನದಲ್ಲಿ ಡಯಾಲಿಸಿಸ್. ಅವನು ಕೆಲಸಕ್ಕೆ ಹೋದ ದಿನ ಹೆಂಡತಿ ಓಡಿಸಬೇಕು, ಅದಕ್ಕೆ ಆಟೋಮ್ಯಾಟಿಕ್ ಬೇಕು. ಕೈಯಲ್ಲಿ 7 ಲಕ್ಷ, ಅದರಲ್ಲಿ 2 ಲಕ್ಷ ಸೊಸೈಟಿ ಸಾಲ. ಬೆಳಗ್ಗೆ ಆರು ಗಂಟೆಗೆ ಚಿಕ್ಕಮ್ಮನನ್ನ ಕೂರಿಸಿಕೊಂಡು ಹೊರಟಾಗ ಗಾಡಿ ದಾರಿಯಲ್ಲಿ ನಿಲ್ಲಬಾರದು. ಅವನು ಕೇಳಿದ್ದು ಇಷ್ಟೇ. ನಾವು ನೋಡಿದ್ದು ಮೂರು ಗಾಡಿ. ಅವುಗಳ ನೆಪದಲ್ಲೇ ಏನೇನು ನೋಡಬೇಕು ಅಂತ ಹೇಳ್ತೀನಿ.

ಮೀಟರ್ ಅರ್ಧ ಕತೆ ಮಾತ್ರ ಹೇಳುತ್ತೆ

ಟರ್ಬೊ ಅಂದ್ರೆ ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆಯಿಂದ ತಿರುಗೋ ಒಂದು ಸಣ್ಣ ಫ್ಯಾನ್. ಅದು ಇಂಜಿನ್‌ಗೆ ಹೆಚ್ಚು ಗಾಳಿ ತುಂಬುತ್ತೆ. ಅದಕ್ಕೇ 1 ಲೀಟರ್ ಇಂಜಿನ್ 1.5 ಲೀಟರ್ ಥರ ಎಳೆಯೋದು. ಜೋರಾಗಿ ಓಡಿಸುವಾಗ ಅದು ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತೆ, ಹೊಗೆಯ ಬಿಸಿ 900 ಡಿಗ್ರಿ ಆಸುಪಾಸು ಹೋಗುತ್ತೆ. ಆ ಶಾಫ್ಟನ್ನ ಕಾಪಾಡೋದು ಇಂಜಿನ್ ಆಯಿಲ್‌ನ ತೆಳು ಪದರ. ಆಯಿಲ್ ಹಳೇದಾದರೆ, ಕಮ್ಮಿಯಾದರೆ, ಗ್ರೇಡ್ ತಪ್ಪಿದರೆ ಮೊದಲು ಏಟು ತಿನ್ನೋದು ಟರ್ಬೊ.

ಹಾಗಾಗಿ 20,000 ಕಿ.ಮೀ. ಓಡಿದ ಗಾಡಿ 60,000 ಓಡಿದ್ದಕ್ಕಿಂತ ಒಳ್ಳೇದು ಅಂತ ಕಣ್ಣು ಮುಚ್ಚಿ ನಂಬಬೇಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅರ್ಧ ಗಂಟೆ ನಿಂತರೆ ಮೀಟರ್ ಒಂದೆರಡು ಕಿಲೋಮೀಟರ್ ತೋರಿಸಬಹುದು, ಇಂಜಿನ್ ಮಾತ್ರ ಅರ್ಧ ಗಂಟೆ ಓಡಿರುತ್ತೆ. ದಿನಾ ಎರಡು ಮೂರು ಕಿ.ಮೀ. ಮಾತ್ರ ಓಡೋ ಗಾಡಿಯಲ್ಲಿ ಆಯಿಲ್ ಪೂರ್ತಿ ಬಿಸಿಯಾಗೋದೇ ಇಲ್ಲ, ಪೆಟ್ರೋಲ್ ಅದರೊಳಗೆ ಸೇರಿ ತೆಳುವಾಗುತ್ತೆ.

‘ನಾಲ್ಕು ವರ್ಷಕ್ಕೆ 18,000 ಕಿ.ಮೀ. ಅಷ್ಟೇ ಸಾರ್, ಆಯಿಲ್ ಎರಡೇ ಸಲ ಹಾಕ್ಸಿರೋದು’ ಅಂತ ಮಾರೋರು ಹೆಮ್ಮೆಯಿಂದ ಹೇಳಿದರೆ ಅದು ಗಾಡಿಯ ಗುಣ ಅಲ್ಲ, ದೋಷ. ವರ್ಷಕ್ಕೊಂದು ಆಯಿಲ್ ಬಿಲ್, ಬಿಲ್‌ನಲ್ಲಿ ಆಯಿಲ್ ಗ್ರೇಡು ಇರಬೇಕು. ಸರ್ವಿಸ್ ಪುಸ್ತಕದಲ್ಲಿ ಬರೀ ಸೀಲ್ ಇದ್ದರೆ ಸಾಲದು. ಮಾಲೀಕರ ಒಪ್ಪಿಗೆ ಇದ್ದರೆ ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ರಿಜಿಸ್ಟ್ರೇಷನ್ ನಂಬರ್ ಕೊಟ್ಟು ಪೂರ್ತಿ ಹಿಸ್ಟರಿ ತೆಗೆಸಬಹುದು. ಬಿಲ್ ಇಲ್ಲದ ಟರ್ಬೊ ಎಷ್ಟೇ ಹೊಳೆದರೂ ನನ್ನ ಲೆಕ್ಕದಲ್ಲಿ ಬೇಡ.

ಇಂಜಿನ್ ತಣ್ಣಗಿರುವಾಗಲೇ ಹೋಗಿ

‘ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಅಂತ ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಬಹುದು.

ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಸೈಲೆನ್ಸರ್ ಹತ್ತಿರ ನಿಂತಿರಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ. ಟರ್ಬೊ ಸೀಲ್ ಇರಬಹುದು, ಪಿಸ್ಟನ್ ರಿಂಗ್ ಇರಬಹುದು. ಚಳಿಯಲ್ಲಿ ಬಿಳಿ ಆವಿ ಬಂದು ಒಂದೆರಡು ನಿಮಿಷದಲ್ಲಿ ನಿಂತರೆ ಸಹಜ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರ್ತಿರಬಹುದು. ಮೂರು ಸಿಲಿಂಡರ್ ಇಂಜಿನ್ ಸ್ವಲ್ಪ ನಡುಗೋದು ಅದರ ಹುಟ್ಟುಗುಣ, ಹೈ ಪ್ರೆಷರ್ ಪಂಪಿನ ಟಿಕ್ ಟಿಕ್ ಸದ್ದೂ ಮಾಮೂಲು. ಆದರೆ ಎರಡನೇ, ಮೂರನೇ ಗೇರಲ್ಲಿ ಜೋರಾಗಿ ಎಳೆದಾಗ ಆಂಬುಲೆನ್ಸ್ ಸೈರನ್ ಥರ ಕೂಗು ಬಂದರೆ ಟರ್ಬೊ ಬೇರಿಂಗ್ ಮೇಲೆ ಅನುಮಾನ ಇಡಿ. ‘ಟರ್ಬೊ ಸೌಂಡ್ ಸಾರ್ ಅದು’ ಅಂತಾರೆ. ಒಳ್ಳೇ ಟರ್ಬೊದ ಸದ್ದು ಕಿಟಕಿ ಹಾಕಿದರೆ ಕೇಳಿಸೋದೇ ಕಷ್ಟ.

ಬೋರ್‌ವೆಲ್ ನೀರು

ನಾವು ನೋಡಿದ ಎರಡನೇ ಗಾಡಿ ಚನ್ನರಾಯಪಟ್ಟಣದ ಕಡೆಯದು. 2021ರ ಮಾಡೆಲ್, ಒಬ್ಬರೇ ಓನರ್, ಒಳಗಡೆ ಹೊಸದರ ಹಾಗೇ ಇತ್ತು. ಜೊತೆಗೆ ಬಂದಿದ್ದ ಹೊಳೆನರಸೀಪುರದ ಮೆಕ್ಯಾನಿಕ್ ಅಣ್ಣ ಕೂಲೆಂಟ್ ಡಬ್ಬದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಬಣ್ಣದ ಕೂಲೆಂಟ್ ಇರಬೇಕಾದ ಕಡೆ ನೀರಿನ ಬಣ್ಣ, ಅಂಚಿನಲ್ಲಿ ಬಿಳೀ ಪುಡಿ.

‘ಏನ್ ಹಾಕಿದ್ರಿ ಸ್ವಾಮಿ ಇದಕ್ಕೆ?’ ಅಂದರು.

‘ಕಮ್ಮಿ ಆಗಿತ್ತು ಕಣಣ್ಣ, ತೋಟದ ನೀರು ಹಾಕ್ದೆ.’

ನಮ್ಮ ಕಡೆ ಇದು ಬಹಳ ನಡೆಯುತ್ತೆ. ಗಡಸು ನೀರಿನ ಸುಣ್ಣ ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ, ಥರ್ಮೋಸ್ಟಾಟ್‌ನಲ್ಲಿ ಕೂರುತ್ತೆ. ಬಹಳಷ್ಟು ಗಾಡಿಗಳಲ್ಲಿ ಟರ್ಬೊ ತಣ್ಣಗಾಗೋದೂ ಇದೇ ಕೂಲೆಂಟ್‌ನಿಂದ. ಅದಕ್ಕಿಂತ ದೊಡ್ಡ ಪ್ರಶ್ನೆ, ಕೂಲೆಂಟ್ ಕಮ್ಮಿ ಆಗಿದ್ದು ಯಾಕೆ? ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆ ತೆಗೆದ ಮಜ್ಜಿಗೆ ಥರ ನೊರೆ ಕಂಡರಂತೂ ಹೆಡ್ ಗ್ಯಾಸ್ಕೆಟ್ ತನಕ ಯೋಚನೆ ಮಾಡಬೇಕು. ಆ ಗಾಡಿ ಬಿಟ್ವಿ.

ಯಾವ ಇಂಜಿನ್‌ಗೆ ಯಾವ ಕಾಯಿಲೆ

ಡೈರೆಕ್ಟ್ ಇಂಜೆಕ್ಷನ್: ವೆನ್ಯೂ, ಸೋನೆಟ್‌ನ 1.0 ಟರ್ಬೊ, ಸೆಲ್ಟೋಸ್ 1.4, ಕುಶಾಕ್–ಟೈಗುನ್‌ನ ಟಿಎಸ್‌ಐ, ಫ್ರಾಂಕ್ಸ್‌ನ ಬೂಸ್ಟರ್‌ಜೆಟ್ ಈ ಗುಂಪಿಗೆ ಸೇರ್ತವೆ. ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೆ ಹೋಗೋದರಿಂದ ಇನ್‌ಟೇಕ್ ವಾಲ್ವ್‌ಗಳು ತೊಳೆಯಲ್ಲ, ಮಸಿ ಕಟ್ಟುತ್ತೆ. ತಣ್ಣಗಿದ್ದಾಗ ತೊದಲೋದು, ಐಡ್ಲಿಂಗ್‌ನಲ್ಲಿ ಜಗ್ಗೋದು ಅದರ ಲಕ್ಷಣ. ನೆಕ್ಸಾನ್‌ನ 1.2, ಮ್ಯಾಗ್ನೈಟ್‌ನ 1.0 ಟರ್ಬೊಗಳಲ್ಲಿ ಪೆಟ್ರೋಲ್ ವಾಲ್ವ್‌ಗಿಂತ ಮುಂಚೆಯೇ ಸೇರೋದರಿಂದ ಈ ತಾಪತ್ರಯ ಕಮ್ಮಿ.

ಇಕೋಸ್ಪೋರ್ಟ್ ಇಕೋಬೂಸ್ಟ್: 2013ರಲ್ಲಿ ನಮ್ಮಲ್ಲಿ ಈ ಜಾತಿಯ ಗಾಡಿಗೆ ದಾರಿ ಮಾಡಿದ್ದೇ ಇದು. ಈಗ ಬಹಳ ಅಗ್ಗಕ್ಕೆ ಸಿಗುತ್ತೆ. ಇದರ 1.0 ಇಂಜಿನ್‌ನ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡೋದು. ತಪ್ಪು ಆಯಿಲ್ ಹಾಕಿದ್ದರೆ ಬೆಲ್ಟ್ ಉದುರಿ, ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ತವೆ. ಆಯಿಲ್ ಪ್ರೆಷರ್ ಬಿದ್ದರೆ ಟರ್ಬೊ, ಇಂಜಿನ್ ಎರಡೂ ಹೋದ ಹಾಗೆ. ಅಮೆರಿಕದಲ್ಲಿ ಮಾರಿದ ಇಕೋಸ್ಪೋರ್ಟ್‌ಗಳು ಹೋಗಿದ್ದು ಚೆನ್ನೈನಿಂದ. 2023ರ ಕೊನೆಯಲ್ಲಿ ಫೋರ್ಡ್ ಅಲ್ಲಿ 2018–22ರ 1.0 ಲೀಟರ್ ಇಕೋಸ್ಪೋರ್ಟ್, 2016–18ರ ಫೋಕಸ್ ಸೇರಿ ಸುಮಾರು 1.4 ಲಕ್ಷ ಗಾಡಿಗಳನ್ನ ಆಯಿಲ್ ಪಂಪ್ ಬೆಲ್ಟಿನ ಟೆನ್ಷನರ್ ದೋಷಕ್ಕೆ ವಾಪಸ್ ಕರೀತು. ಫೋರ್ಡ್ ಇಲ್ಲಿ ಕಾರು ತಯಾರಿ ನಿಲ್ಲಿಸೋದಾಗಿ 2021ರಲ್ಲೇ ಹೇಳಿತು. ಹಾಸನದಂಥ ಊರಲ್ಲಿ ಈ ಬೆಲ್ಟ್ ಕೆಲಸ ಗೊತ್ತಿರೋ ಕೈ ಇದೆಯಾ ಅಂತ ಮೊದಲು ವಿಚಾರಿಸಿ, ಆಮೇಲೆ ರೇಟ್ ಮಾತಾಡಿ.

ಕುಶಾಕ್, 2021ರ ಮೊದಲ ಗಾಡಿಗಳು: ಇಪಿಸಿ ಅನ್ನೋ ಎಚ್ಚರಿಕೆ ದೀಪ ಹೊತ್ತಿ ಪವರ್ ಬೀಳೋ ದೂರು ಬಂದು, ಕಂಪನಿ ಬಲವಾದ ಫ್ಯೂಯೆಲ್ ಪಂಪ್ ಹಾಕಿಕೊಟ್ಟಿತು. ನೀವು ನೋಡೋ ಗಾಡಿಗೆ ಅದು ಬದಲಾಗಿದೆಯಾ ಅಂತ ಸರ್ವಿಸ್ ಹಿಸ್ಟರಿಯಲ್ಲಿ ನೋಡಿ.

ಯಾವುದೇ ಗಾಡಿಯಾದರೂ ಚಾಸಿಸ್ ನಂಬರ್ ಹಾಕಿ ರೀಕಾಲ್ ಬಾಕಿ ಇದೆಯಾ ಅಂತ ಕಂಪನಿ ವೆಬ್‌ಸೈಟ್‌ನಲ್ಲಿ ಚೆಕ್ ಮಾಡಿ. 2023ರ ಏಪ್ರಿಲ್‌ನಲ್ಲಿ ಮಾರುತಿ 7,213 ಬಲೆನೊ ಆರ್‌ಎಸ್ ಟರ್ಬೊಗಳನ್ನ ಬ್ರೇಕ್‌ಗೆ ನೆರವಾಗೋ ವ್ಯಾಕ್ಯೂಮ್ ಪಂಪ್ ನೋಡೋಕೆ ಕರೆದಿತ್ತು. ಆ ಕೆಲಸಕ್ಕೆ ದುಡ್ಡಿಲ್ಲ, ಮಾಡಿಸದೇ ಬಿಟ್ಟರೆ ಅಪಾಯ ನಿಮ್ಮದು.

ಗೇರ್‌ಬಾಕ್ಸ್‌ಗೆ ದಿಬ್ಬ ತೋರಿಸಿ

ಆಟೋಮ್ಯಾಟಿಕ್ ಅಂದರೆ ಎಲ್ಲಾ ಒಂದೇ ಅಲ್ಲ. ವೆನ್ಯೂ, ಸೋನೆಟ್, ಸೆಲ್ಟೋಸ್ ಟರ್ಬೊಗಳ 7 ಸ್ಪೀಡ್ ಡಿಸಿಟಿ, ಕುಶಾಕ್–ಟೈಗುನ್ 1.5ರ ಡಿಎಸ್‌ಜಿ, ಇವೆಲ್ಲ ಒಣ ಕ್ಲಚ್‌ನವು. ಟ್ರಾಫಿಕ್‌ನಲ್ಲಿ ಇಂಚು ಇಂಚು ತೆವಳಿದಾಗ ಕ್ಲಚ್ ಬಿಸಿಯಾಗಿ ಸವೆಯುತ್ತೆ. ಕುಶಾಕ್–ಟೈಗುನ್ 1.0 ಮತ್ತು ಫ್ರಾಂಕ್ಸ್ ಟರ್ಬೊಗಳಲ್ಲಿರೋದು 6 ಸ್ಪೀಡ್ ಟಾರ್ಕ್ ಕನ್ವರ್ಟರ್. ತೆವಳೋ ಟ್ರಾಫಿಕ್ಕನ್ನ ಅದು ಹೆಚ್ಚು ತಾಳುತ್ತೆ.

ಪರೀಕ್ಷೆ ಸುಲಭ. ಇಂಜಿನ್ ಪೂರ್ತಿ ಬಿಸಿಯಾಗೋ ಹಾಗೆ ಅರ್ಧ ಗಂಟೆ ಓಡಿಸಿ. ಒಂದು ದಿಬ್ಬದಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಹತ್ತಿಸಿ. ಆಮೇಲೆ ಅದೇ ದಿಬ್ಬ ರಿವರ್ಸ್‌ನಲ್ಲಿ. ಗಡಗಡ ನಡುಗಿದರೆ, ಸುಟ್ಟ ವಾಸನೆ ಬಂದರೆ, ಡಿ ಹಾಕಿದ ಮೇಲೆ ಧಡ್ ಅಂತ ಹಿಡಿದರೆ ಬೇಡ ಅನ್ನಿ. ಕ್ಲಚ್ ಪ್ಯಾಕೋ ಟರ್ಬೊನೋ ಪೂರ್ತಿ ಬದಲಿಸಿದರೆ ಬಿಲ್ ಐದಂಕಿ ದಾಟಿ ಲಕ್ಷದ ಕಡೆ ಹೋಗಬಹುದು.

ಲಾಗ್ ಅಳಿಸಿದವರನ್ನ ಹಿಡಿಯೋದು

ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಇಷ್ಟ ಆಗೋ ಭಾಗ. ಸ್ಟೀರಿಂಗ್ ಕೆಳಗೆ ಒಬಿಡಿ ಅನ್ನೋ ಸಾಕೆಟ್ ಇರುತ್ತೆ. ಆನ್‌ಲೈನಲ್ಲಿ ಸಿಗೋ ಬ್ಲೂಟೂತ್ ಡಾಂಗಲ್ ಚುಚ್ಚಿದರೆ ಗಾಡಿಯ ಎರರ್ ಕೋಡ್ ಫೋನಲ್ಲೇ ಕಾಣುತ್ತೆ. ಪಿ0299 ಅಂದರೆ ಟರ್ಬೊ ಒತ್ತಡ ಸಾಲ್ತಿಲ್ಲ. ಪಿ0300ರಿಂದ ಪಿ0303 ಅಂದರೆ ಮಿಸ್‌ಫೈರ್. ಪಿ0420 ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ.

ಕೋಡ್ ಇಲ್ಲ ಅಂದ ಮಾತ್ರಕ್ಕೆ ಗಾಡಿ ಆರೋಗ್ಯವಾಗಿದೆ ಅಂತಲ್ಲ. ಅದೇ ಡಾಂಗಲ್‌ನಿಂದ ಅಳಿಸಲೂಬಹುದು. ಅದಕ್ಕೆ ಇನ್ನೆರಡು ನೋಡಿ. ಒಂದು, ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿ.ಮೀ. ಓಡಿದೆ. ಎರಡು, ರೆಡಿನೆಸ್ ಮಾನಿಟರ್‌ಗಳು, ಅಂದರೆ ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಅನ್ನೋ ಗುರುತು. ನಾವು ನೋಡಿದ ಮೊದಲ ಗಾಡಿ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರದ್ದು. 2019ರ 1.0 ಟರ್ಬೊ ಡಿಸಿಟಿ, 28,000 ಕಿ.ಮೀ., ಕನ್ನಡಿ ಥರ ಪಾಲಿಶ್. ಎರರ್ ಒಂದೂ ಇಲ್ಲ. ಆದರೆ ಕೋಡ್ ಅಳಿಸಿ ಓಡಿದ್ದು 6 ಕಿ.ಮೀ., ಮಾನಿಟರ್ ಅರ್ಧಕ್ಕರ್ಧ ಬಾಕಿ. ‘ಬ್ಯಾಟರಿ ಬದಲಾಯಿಸಿದ್ವಿ ಸಾರ್’ ಅಂದರು. ಬ್ಯಾಟರಿ ಮೇಲಿನ ತಾರೀಕು ನೋಡಿದರೆ ಎರಡು ವರ್ಷ ಹಳೇದು. ತಮ್ಮ ನನ್ನ ಮುಖ ನೋಡಿದ, ‘ನಡಿಯಣ್ಣ, ಊರಿಗೆ ಹೋಗಣ’ ಅಂದ.

ಬೆಂಗಳೂರಿನ ಗಾಡಿ ಅಂದರೆ ಇನ್ನೊಂದು ಚೆಕ್. 2022ರ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳು ಮುಳುಗಿದ್ದು ನೆನಪಿರಬಹುದು. ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ಕೆಸರಿನ ಕಲೆ ಇದೆಯಾ ನೋಡಿ, ಸ್ಟೆಪ್ನಿ ಗುಂಡಿಯಲ್ಲಿ ತುಕ್ಕು ನೋಡಿ.

ಕಾಗದ ಮತ್ತು ರೇಟು

ಎಂಪರಿವಾಹನ್ ಆ್ಯಪಲ್ಲಿ ಎಷ್ಟನೇ ಓನರ್, ಸಾಲ ತೀರಿದೆಯಾ, ಇನ್ಶೂರೆನ್ಸ್ ಇದೆಯಾ ನೋಡಿ. ಸಾಲ ಇದ್ದ ಗಾಡಿಗೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29, 30. ಟ್ರಾಫಿಕ್ ದಂಡ ಬಾಕಿ ಇದ್ದರೆ ಮಾರೋರ ಕೈಯಲ್ಲೇ ಕಟ್ಟಿಸಿ. 2023ರ ಏಪ್ರಿಲ್‌ಗಿಂತ ಮುಂಚಿನ ಗಾಡಿಯಾದರೆ ಇ20 ಪೆಟ್ರೋಲ್‌ಗೆ ಒಪ್ಪುತ್ತಾ ಅಂತ ಮಾಲೀಕರ ಕೈಪಿಡಿ ನೋಡಿ.

ರೇಟಿನ ವಿಷಯ: 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿನ ಜಿಎಸ್‌ಟಿ 18%ಕ್ಕೆ ಇಳಿದಿದೆ. ಹಳೇ ಗಾಡಿಯ ರೇಟನ್ನ ಇವತ್ತಿನ ಹೊಸ ಗಾಡಿಯ ಆನ್‌ರೋಡ್ ಬೆಲೆ ಜೊತೆ ಹೋಲಿಸಿ. ಮಾರೋರು ಅಂದು ಕೊಟ್ಟ ಬೆಲೆ ನಿಮ್ಮ ಲೆಕ್ಕಕ್ಕೆ ಬರಬಾರದು.

ಕೊನೆಗೆ ತಗೊಂಡಿದ್ದು

ಮೂರನೇ ಗಾಡಿ 2022ರದ್ದು, ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, 62,000 ಕಿ.ಮೀ. ಮೂರರಲ್ಲಿ ಹೆಚ್ಚು ಓಡಿದ್ದು ಅದೇ. ಮಾಲೀಕರು ಪ್ರತಿ ವಾರ ಹಾಸನ–ಬೆಂಗಳೂರು ಹೈವೇಯಲ್ಲಿ ಓಡಾಡಿದವರು. ಫೈಲಲ್ಲಿ ಪ್ರತಿ ಸರ್ವಿಸ್‌ನ ಬಿಲ್ ತಾರೀಕಿನ ಪ್ರಕಾರ ಜೋಡಿಸಿದ್ದರು, ಕೋಡ್ ಅಳಿಸಿ ಸಾವಿರಾರು ಕಿ.ಮೀ. ಆಗಿತ್ತು. ಟೈರ್ ಸವೆದಿದ್ದವು, ಬಂಪರ್‌ನಲ್ಲಿ ಗೀರು. ನಾಲ್ಕು ಟೈರಿನ ದುಡ್ಡು ರೇಟಲ್ಲಿ ಕಳೆಸಿದ್ವಿ.

ತಗೊಂಡ ವಾರವೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್ ಹೊಸದು ಹಾಕ್ಸಿದ. ಅಂಗಳದಿಂದ ಹೊರಟ ಕೂಡಲೇ ಜೋರಾಗಿ ಒತ್ತಬಾರದು, ದೂರ ಜೋರಾಗಿ ಓಡಿ ಬಂದರೆ ಆಫ್ ಮಾಡೋ ಮುಂಚೆ ಒಂದು ನಿಮಿಷ ಐಡ್ಲಿಂಗ್ ಬಿಡಬೇಕು ಅಂತ ಇಬ್ಬರಿಗೂ ಹೇಳಿಕೊಟ್ಟಿದ್ದೀವಿ. ಸಾಲದ ದುಡ್ಡಲ್ಲಿ 40,000 ಖರ್ಚು ಮಾಡದೇ ರಿಪೇರಿಗೆ ಅಂತ ಬೇರೆ ಇಟ್ಟಿದ್ದಾನೆ. ಹಳೇ ಟರ್ಬೊ ತಗೊಳ್ಳೋ ಯಾರಾದರೂ ಇಂಥದ್ದೊಂದು ಮೊತ್ತ ಬಜೆಟ್ ಒಳಗೇ ಇಟ್ಟುಕೊಳ್ಳಿ. ಅಷ್ಟು ಇಡೋಕೆ ಆಗದಿದ್ದರೆ, ಅಥವಾ ದಿನದ ಓಡಾಟ ಊರೊಳಗಿನ ಎರಡು ಮೂರು ಕಿಲೋಮೀಟರ್ ಅಷ್ಟೇ ಆಗಿದ್ದರೆ, ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಇಂಜಿನ್ ನೋಡಿ.

ನೀವು ನೋಡ್ತಿರೋ ಗಾಡಿಯ ಮಾಡೆಲ್, ವರ್ಷ, ಆಯಿಲ್ ಬಿಲ್‌ಗಳ ತಾರೀಕು ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಅಂಥ ನಾಲ್ಕೈದು ಗಾಡಿಗಳ ಲೆಕ್ಕ ಹಾಕೋಣ.