ಓದದೇ ಬಿಟ್ಟ ಆ ಒಂದು ಸಾಲು

2023ರ ಆಗಸ್ಟ್ 5ರ ಶನಿವಾರ, ಬ್ರಾಮ್ ಮೋಲೆನಾರ್ ತೀರಿಕೊಂಡಿದ್ದಾರೆ ಅಂತ ಅವರ ಮನೆಯವರು ತಿಳಿಸಿದರು. ಹೋಗಿದ್ದು 3ನೇ ತಾರೀಕಿಗೆ. 62 ವರ್ಷ, ಈಗಿನ ಕಾಲಕ್ಕೆ ಸಾಯುವ ವಯಸ್ಸೇನಲ್ಲ. ಸೋಮವಾರ ಆಫೀಸಿಗೆ ಹೋದರೆ ಚಾಟ್ ತುಂಬಾ ಒಂದೇ ಶ್ರದ್ಧಾಂಜಲಿ: ಕೋಲನ್ ಡಬ್ಲ್ಯೂ ಕ್ಯೂ. ವಿಮ್ ಎಡಿಟರ್‌ನಲ್ಲಿ ಬರೆದದ್ದನ್ನು ಸೇವ್ ಮಾಡಿ ಹೊರಗೆ ಹೋಗೋ ಕಮಾಂಡು ಅದು. ಮೊದಲು ಹಾಕಿದವನದು ಜಾಣತನ ಅನ್ನೋಣ. ನಲವತ್ತನೆಯವನದು? ನಲವತ್ತೊಂದನೆಯವನು ನಾನು.

ಇದು ನನ್ನ ಮೇಲೇ ನನಗಿರುವ ಸಿಟ್ಟು. ನಿಮ್ಮ ಮೇಲೂ ಸ್ವಲ್ಪ ಬೀಳುತ್ತೆ, ಕ್ಷಮಿಸಿ.

ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಾಮ್ ಡಚ್ಚರು. ಅವರ ಹತ್ತಿರ ಅಮಿಗಾ ಕಂಪ್ಯೂಟರ್ ಇತ್ತು, ಅದರಲ್ಲಿ ಬಿಲ್ ಜಾಯ್ ಬರೆದ ವಿಐ ಎಡಿಟರ್ ಇರಲಿಲ್ಲ. ಸ್ಟೀವಿ ಅನ್ನೋ ಒಂದು ನಕಲು ಎಡಿಟರ್ ಸಿಕ್ಕಿತು, ಅದನ್ನೇ ರಿಪೇರಿ ಮಾಡ್ತಾ ಮಾಡ್ತಾ 1991ರಲ್ಲಿ ವಿಮ್ ಅಂತ ಹೊರಗೆ ಬಿಟ್ಟರು. ಮೊದಲು ಆ ಹೆಸರಿನ ಅರ್ಥ ವಿಐನ ಅನುಕರಣೆ ಅಂತಿತ್ತು. ಆಮೇಲೆ ಸುಧಾರಿಸಿದ ವಿಐ ಅಂತಾಯ್ತು. ಅಲ್ಲಿಂದ ಸಾಯುವವರೆಗೆ ಸುಮಾರು 32 ವರ್ಷ ಒಂದೇ ಕೆಲಸ ಬಿಡದೆ ಮಾಡಿದರು. ನಾವು ಎರಡು ವರ್ಷಕ್ಕೊಂದು ಕಂಪನಿ ಬದಲಾಯಿಸೋರು, ಲೆಕ್ಕ ಹಾಕಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದು, ಯಾವುದೋ ದೇಶದ ಸರ್ವರ್‌ಗೆ ಲಾಗಿನ್ ಆಗಿ ಕಾನ್ಫಿಗ್ ಫೈಲ್ ತಿದ್ದುವಾಗ ನಿಮ್ಮ ಬೆರಳ ಕೆಳಗೆ ಇದ್ದದ್ದು ಬಹುತೇಕ ಈ ಮನುಷ್ಯನ ಕೈಕೆಲಸ. (ಈ ಲೇಖನ ಮಾತ್ರ ಅದರಲ್ಲಿ ಬರೆದಿಲ್ಲ. ನನ್ನ ಟರ್ಮಿನಲ್‌ನಲ್ಲಿ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗ್ತವೆ. ಅದು ಇನ್ನೊಂದು ಜಗಳ.)

ಫೈಲ್ ಹೆಸರು ಕೊಡದೆ ಬರೀ ವಿಮ್ ತೆರೆದರೆ ಪರದೆಯ ನಡುವೆ ನಾಲ್ಕಾರು ಸಾಲು ಬರುತ್ತವೆ. ವರ್ಷನ್ ನಂಬರು, ಬ್ರಾಮ್ ಹೆಸರು, ಆಮೇಲೆ ಒಂದು ಸಾಲು: ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ. ಏನಾದರೂ ಟೈಪ್ ಮಾಡಿದ ಕೂಡಲೇ ಮಾಯ. ಹನ್ನೊಂದು ವರ್ಷ ನಾನು ಆ ಸಾಲನ್ನು ನೋಡಿದ್ದೇನೆ. ನೋಡಿದ್ದೇನೆ ಅಷ್ಟೇ, ಓದಿರಲಿಲ್ಲ. ಯಾವುದೋ ಹ್ಯಾಕರ್ ಜೋಕ್ ಇರಬೇಕು ಅಂದುಕೊಂಡಿದ್ದೆ. ಆ ಸೋಮವಾರ ಮಧ್ಯಾಹ್ನ, ಊಟಕ್ಕೂ ಹೋಗದೆ, ಮೊದಲ ಸಲ ಹೆಲ್ಪ್ ತೆಗೆದು ಓದಿದೆ.

ಜೋಕ್ ಅಲ್ಲ. 1994ರಲ್ಲಿ ಬ್ರಾಮ್ ದಕ್ಷಿಣ ಉಗಾಂಡಾದ ಕಿಬಾಲೆಗೆ ಹೋಗಿ ಒಂದು ವರ್ಷ ಇದ್ದರು. ಕೋಡ್ ಬರೆಯೋಕಲ್ಲ, ಅಲ್ಲಿನ ಮಕ್ಕಳ ಕೇಂದ್ರದಲ್ಲಿ ನೀರು ಮತ್ತು ನೈರ್ಮಲ್ಯದ ಎಂಜಿನಿಯರ್ ಆಗಿ. ಏಡ್ಸ್ ಹೊಡೆತಕ್ಕೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ತುಂಬಿದ್ದ ಸೀಮೆ ಅದು. ವಾಪಸ್ ಬಂದ ಮೇಲೆ ಆ ಕೇಂದ್ರಕ್ಕೆ ಹಣ ಕಳಿಸೋಕೆ ಐಸಿಸಿಎಫ್ ಹಾಲೆಂಡ್ ಅನ್ನೋ ಸಂಸ್ಥೆ ಕಟ್ಟಿದರು. ವಿಮ್‌ಗೆ ಬೆಲೆ ಇಡಲಿಲ್ಲ. ಎಷ್ಟು ಬೇಕಾದರೂ ಬಳಸಿ, ಹಂಚಿ, ಇಷ್ಟವಾದರೆ ಆ ಮಕ್ಕಳಿಗೆ ಏನಾದರೂ ಕೊಡಿ ಅಂದರು. ಒತ್ತಾಯ ಇಲ್ಲ, ಪಾಪ್‌ಅಪ್ ಇಲ್ಲ, ಪ್ರೀಮಿಯಂ ಇಲ್ಲ. ಕೇಳಿದ್ದು ಇಷ್ಟೇ, ಅದೂ ಪರದೆ ಖಾಲಿ ಇದ್ದಾಗ ಮಾತ್ರ. ಮನುಷ್ಯ ಸತ್ತಾಗ ನಾವು ಅವರಿಗೆ ಕೊಟ್ಟಿದ್ದು ಕೋಲನ್ ಡಬ್ಲ್ಯೂ ಕ್ಯೂ.

ಸರಿ, ಪಾಪಪ್ರಜ್ಞೆ ಬಂತಲ್ಲ, ಏನಾದರೂ ಮಾಡೋಣ ಅಂತ ಹೊರಟೆ. ಆಗ ನಾನಿದ್ದ ಕಂಪನಿಯಲ್ಲಿ ಒಂದು ಟಿಕೆಟ್ ಹಾಕಿದೆ: ನಾವು ದಿನಾ ಬಳಸುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ವರ್ಷಕ್ಕೆ ಇಷ್ಟು ಅಂತ ತೆಗೆದಿಡಿ. ಫೈನಾನ್ಸ್‌ನಿಂದ ಉತ್ತರ ಬಂತು. ವೆಂಡರ್ ಯಾರು? ಇನ್‌ವಾಯ್ಸ್ ಎಲ್ಲಿ? ಜಿಎಸ್‌ಟಿ ನಂಬರ್ ಇದೆಯಾ? ದಾನ ಅಂದುಕೊಳ್ಳಿ ಅಂದೆ. ದಾನ ಆದರೆ ಸಿಎಸ್ಆರ್ ಟೀಮ್ ಹತ್ತಿರ ಹೋಗಿ ಅಂದರು. ಸಿಎಸ್ಆರ್‌ನವರು ಇನ್ನೂ ಮರ್ಯಾದೆಯಿಂದ, ಆ ದುಡ್ಡನ್ನ ದೇಶದ ಹೊರಗೆ ಖರ್ಚು ಮಾಡೋಕೆ ನಿಯಮ ಬಿಡಲ್ಲ ಸಾರ್, ಅಂದರು. ಅವರು ಹೇಳಿದ್ದು ಸರಿಯೇ. ನಿಯಮ ಹಾಗೇ ಇದೆ.

ಆದರೆ ನನಗೆ ತಲೆ ಕೆಟ್ಟಿದ್ದು ನಿಯಮಕ್ಕಲ್ಲ. ಇದನ್ನ ದಾನ ಅಂತ ಮೊದಲು ಕರೆದಿದ್ದೇ ನಾನು! ಆಫೀಸಿನ ಕರೆಂಟ್ ಬಿಲ್ಲನ್ನು ಯಾರಾದರೂ ದಾನ ಅಂತಾರಾ? ಕಾಫಿ ಮೆಷಿನ್‌ನ ವಾರ್ಷಿಕ ನಿರ್ವಹಣೆಗೆ ಸಹಿ ಹಾಕುವಾಗ ಯಾರಿಗೂ ಕರುಣೆ ಉಕ್ಕಲ್ಲ. ಇಡೀ ಪ್ರಾಡಕ್ಟ್ ನಿಂತಿರೋದು ಯಾರೋ ಪುಕ್ಕಟೆ ಬರೆದ ಲೈಬ್ರರಿಗಳ ಮೇಲೆ, ಅದಕ್ಕೆ ಕಾಸು ಕೊಡಿ ಅಂದರೆ ಮಾತ್ರ ನಾವು ದಾನಶೂರ ಕರ್ಣರ ವಂಶದವರಾಗಿಬಿಡ್ತೀವಿ. ಬ್ರಾಮ್‌ಗೆ ದುಡ್ಡಿನ ಅಗತ್ಯ ಇರಲಿಲ್ಲ ಅನ್ನೋದು ನಿಜ. 2006ರಿಂದ 2021ರವರೆಗೆ ಅವರು ಜ್ಯೂರಿಕ್‌ನ ಗೂಗಲ್‌ನಲ್ಲಿ ಸಂಬಳಕ್ಕಿದ್ದರು, ಕೇಳಿದ್ದೂ ಬೇರೆಯವರ ಪರವಾಗಿ. ಎಲ್ಲರಿಗೂ ಆ ಭಾಗ್ಯ ಇಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ದೋಷ ಸಿಕ್ಕಾಗ ಗೊತ್ತಾಯ್ತಲ್ಲ, ಅಷ್ಟೊಂದು ಜಾಲತಾಣಗಳ ಬೀಗ ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ನಮ್ಮಲ್ಲಿ ಟೀಮ್ ಔಟಿಂಗ್‌ಗೆ ಅದಕ್ಕಿಂತ ಜಾಸ್ತಿ ಆಗುತ್ತೆ.

ಸತ್ತ ಎಮ್ಮೆಗೆ ಸೇರು ಹಾಲು ಅಂತಾರಲ್ಲ, ಆ ವಾರ ಅದನ್ನೂ ನೋಡಿದೆ. ಬ್ರಾಮ್ ಬದುಕಿದ್ದಾಗ ಅವರನ್ನ ಬೈದವರಲ್ಲಿ ನಾನೂ ಒಬ್ಬ. ಯಾವ ಪ್ಯಾಚ್ ಬಂದರೂ ಒಬ್ಬರ ಕೈಯಿಂದಲೇ ಹೋಗಬೇಕು, ಇದೇನು ಪಾಳೆಗಾರಿಕೆ ಅಂತ ಮಾತಾಡಿದ್ದೆ. ಒಂದು ದೊಡ್ಡ ಪ್ಯಾಚ್ ಅವರು ತೆಗೆದುಕೊಳ್ಳಲಿಲ್ಲ ಅಂತ 2014ರಲ್ಲಿ ನಿಯೋವಿಮ್ ಹುಟ್ಟಿತು, ನಾನೂ ಅತ್ತ ಹೋದೆ. 2022ರಲ್ಲಿ ವಿಮ್ 9 ಜೊತೆ ಹೊಸ ಸ್ಕ್ರಿಪ್ಟ್ ಭಾಷೆ ತಂದಾಗ ನಕ್ಕಿದ್ದೆ. ಆ ಟೀಕೆಯನ್ನ ಈಗ ವಾಪಸ್ ತಗೊಳ್ಳಲ್ಲ. ಬಾಗಿಲು ಒಂದೇ ಇದ್ದದ್ದು ತಪ್ಪೇ, ಸತ್ತರು ಅಂತ ಅದು ಸರಿಯಾಗಿಬಿಡಲ್ಲ. ನಿಯೋವಿಮ್ ಬಂದು ಎರಡು ವರ್ಷಕ್ಕೆ ವಿಮ್ 8ರಲ್ಲಿ ಅಸಿಂಕ್ ಸೌಲಭ್ಯ ಬಂತು, ಅಂದರೆ ಜಗಳದಿಂದ ಒಳ್ಳೆಯದೂ ಆಯ್ತು. ನನ್ನ ತಕರಾರು ಬೇರೆ. ನಾನು ಬೈದದ್ದು ಕಾಸು ಕೊಟ್ಟ ಗಿರಾಕಿಯ ಧಾಟಿಯಲ್ಲಿ. ಕಾಸು ಕೊಟ್ಟಿರಲಿಲ್ಲ, ಒಂದು ಬಗ್ ರಿಪೋರ್ಟ್ ಕೂಡ ನೆಟ್ಟಗೆ ಬರೆದಿರಲಿಲ್ಲ. ಮತ್ತೆ ನಾನು ಓಡಿಹೋಗಿ ಕೂತ ನಿಯೋವಿಮ್ ಇದೆಯಲ್ಲ, ಅದರ ಬುಡದಲ್ಲಿರೋದೂ ಬ್ರಾಮ್ ಬೆಳೆಸಿದ ಕೋಡೇ.

ನಮ್ಮ ಮೀಟಿಂಗ್‌ಗಳಲ್ಲಿ ಬಸ್ ಫ್ಯಾಕ್ಟರ್ ಅಂತ ಒಂದು ಮಾತು ಓಡಾಡುತ್ತೆ. ಎಷ್ಟು ಜನ ಬಸ್ಸಿಗೆ ಸಿಕ್ಕರೆ ಪ್ರಾಜೆಕ್ಟ್ ನಿಲ್ಲುತ್ತೆ ಅನ್ನೋ ಲೆಕ್ಕ. ನಗುನಗುತ್ತಾ ಕೇಳ್ತೀವಿ, ಒಂದು ಕಾಲಂನಲ್ಲಿ ನಂಬರ್ ತುಂಬ್ತೀವಿ. ನಂಬರ್ ಒಂದು ಅಂತ ಬಂದರೆ ಆ ಒಬ್ಬರ ಹೊರೆ ಇಳಿಸೋಕೆ ಯಾರಾದರೂ ಎದ್ದು ಹೋದದ್ದನ್ನ ನಾನಂತೂ ನೋಡಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಪ್ರಕರಣದಲ್ಲಿ ಏನಾಯ್ತು? ಒಬ್ಬನೇ ನೋಡಿಕೊಂಡು ಸುಸ್ತಾಗಿದ್ದ ಮನುಷ್ಯನ ಹತ್ತಿರ ಸಹಾಯ ಮಾಡ್ತೀನಿ ಅಂತ ಬಂದ ಒಬ್ಬ ಅಪರಿಚಿತ, ವರ್ಷಗಟ್ಟಲೆ ನಂಬಿಕೆ ಗಳಿಸಿ, ಕೊನೆಗೆ ಹಿಂಬಾಗಿಲು ಇಟ್ಟ. ನಾವ್ಯಾರೂ ಕೈಜೋಡಿಸದೇ ಇದ್ದ ಜಾಗಕ್ಕೆ ಅವನು ಬಂದಿದ್ದ.

ವಿಮ್ 9.0 ಬಿಡುಗಡೆಯಾದಾಗ ಬ್ರಾಮ್ ಅದನ್ನ ಸ್ವೆನ್ ಗುಕೆಸ್ ಅವರ ನೆನಪಿಗೆ ಅರ್ಪಿಸಿದ್ದರು. ವರ್ಷಾನುಗಟ್ಟಲೆ ವಿಮ್ ಬಗ್ಗೆ ಊರೂರಿಗೆ ಸಾರಿದ ಮನುಷ್ಯ ಸ್ವೆನ್, ಆ ಬಿಡುಗಡೆಗೆ ಕೆಲವೇ ತಿಂಗಳ ಮುಂಚೆ ತೀರಿಕೊಂಡಿದ್ದರು. ಮುಂದಿನ 9.1 ಬಂದಿದ್ದು 2024ರ ಜನವರಿ 2ಕ್ಕೆ, ಅರ್ಪಣೆ ಬ್ರಾಮ್ ಅವರಿಗೆ. ಐದು ತಿಂಗಳೂ ಆಗಿರಲಿಲ್ಲ. ಕ್ರಿಶ್ಚಿಯನ್ ಬ್ರಬಾಂಟ್ ಮತ್ತೆ ಕೆಲವರು ಸೇರಿ, ಒಬ್ಬರ ತಲೆಯಲ್ಲಿದ್ದದ್ದನ್ನ ಹಲವರ ಕೈಗೆ ತಂದು, ಬಂದ ಪ್ಯಾಚ್‌ಗಳನ್ನ ಒಂದೊಂದಾಗಿ ನೋಡಿ, ಹೊರಗೆ ಬಿಟ್ಟರು. ನಾನು ಒಪ್ಪುವ ಶ್ರದ್ಧಾಂಜಲಿ ಅಂದರೆ ಆ ಐದು ತಿಂಗಳ ಬೋರಿಂಗ್ ಕೆಲಸ.

ನಾನು ಮಾಡಿದ್ದು ಸಣ್ಣದು. ಸ್ವಂತ ಅಕೌಂಟಿನಿಂದ ಹಾಲೆಂಡಿಗೆ ಒಂದಿಷ್ಟು ಕಳಿಸಿದೆ. ಹೊಸ ಕಂಪನಿ ಸೇರಿದ ಮೇಲೆ ಮತ್ತೆ ಟಿಕೆಟ್ ಹಾಕಿದೆ, ಈ ಸಲ ದಾನ ಅನ್ನೋ ಪದ ತೆಗೆದು ನಿರ್ವಹಣಾ ವೆಚ್ಚ ಅಂತ ಬರೆದು. ಇಪ್ಪತ್ತು ದಿನ ಯಾರೂ ಮುಟ್ಟಲಿಲ್ಲ ಅಂತ ಮೊನ್ನೆ ಸಿಸ್ಟಮ್ ತಾನೇ ಅದನ್ನ ಕ್ಲೋಸ್ ಮಾಡಿತ್ತು. ರೀಓಪನ್ ಮಾಡಿದ್ದೀನಿ.